ಅಪ್ಪೆ ಎಂದರೆ ತಾಯಿ

ನಿನ್ನ ಅವ್ವ ಸತ್ತಿರಲಿಲ್ಲ, ಶಾಂತಾ. ನಿನ್ನನ್ನು ಕಾರಿಗೆ ಹತ್ತಿಸಿದ ದಿನ ಅವಳು ಬದುಕಿದ್ದಳು, ಮತ್ತು ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಅವಳು ಸತ್ತಿದ್ದಾಳೆಂಬ ಮಾತಿಗೆ ಹೂಂಗುಟ್ಟಿದವಳು ನಾನೇ. ನಿನ್ನ ಗಂಡನಿಗೆ 'ನನ್ನನ್ನು ದಾರಿಗೆ ಹತ್ತಿಸಿದವರು ಇವರು' ಎಂದು ನೀನು ಪರಿಚಯ ಮಾಡಿಕೊಟ್ಟೆಯಲ್ಲ — ಅದೇ ಟೀಚರು.

ಇಷ್ಟು ಬರೆಯುವುದಕ್ಕೆ ನನಗೆ ಹನ್ನೆರಡು ವರ್ಷ ಬೇಕಾಯಿತು. ಬಾಯಲ್ಲಿ ಹೇಳಬೇಕೆಂದು ನಿನ್ನ ಮನೆಯವರೆಗೆ ಬಂದು, ಚಹಾ ಕುಡಿದು, ಊರ ಸುದ್ದಿ ಮಾತಾಡಿ ವಾಪಸು ಹೋದದ್ದುಂಟು. ಮಕ್ಕಳಿಗೆ ದಿನಾ ಸತ್ಯ ಹೇಳಿ ಎಂದು ಪಾಠ ಮಾಡುವ ಬಾಯಿ ಇದು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ನಿನ್ನ ಹೆಸರು ದ್ಯಾಮವ್ವ. ಅವ್ವ ನಿನ್ನನ್ನು ದ್ಯಾಮಿ ಎಂದು ಕರೆಯುತ್ತಿದ್ದಳು. ಶಾಂತಾ ಎಂಬುದು ಆಶ್ರಮದವರು ಇಟ್ಟ ಹೆಸರು. ನೀನು ಅಳುವುದನ್ನು ನಿಲ್ಲಿಸಿದ ಮೇಲೆ ಇಟ್ಟರಂತೆ. ಅವ್ವನ ಹೆಸರು ಹನುಮವ್ವ. ಇದನ್ನೆಲ್ಲ ನಿನಗೆ ಹೊಸತಾಗಿ ಹೇಳಬೇಕಾಗಿ ಬಂದಿದೆ ಎಂಬುದೇ ನಾನು ಮಾಡಿದ ಕೆಲಸದ ಅಳತೆ.

ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಅದು. ನನಗೆ ಇಪ್ಪತ್ತೆರಡು. ಬಂಟ್ವಾಳದ ಕಡೆ, ನೇತ್ರಾವತಿಯ ದಡದ ಒಂದು ಪೇಟೆಯ ಶಾಲೆಯಲ್ಲಿ ಕೆಲಸ. ಪೇಟೆಯ ಹೆಸರು, ಠಾಣೆಯ ಹೆಸರು ಬರೆಯುವುದಿಲ್ಲ — ಊರಿನ ಮೇಲೆ ಹೊರಿಸಿ ನಾನು ಹಗುರಾಗುವುದು ಬೇಡ. ಇನ್ನು ಮುಂದೆ ಕನ್ನಡ ಮಾತಾಡುವವರೆಲ್ಲ ಒಂದೇ ಮನೆಯವರು ಎಂದು ಮಕ್ಕಳ ಬಾಯಲ್ಲಿ ಹೇಳಿಸಿ, ಅವಲಕ್ಕಿ ಬೆಲ್ಲ ಹಂಚಿದವಳು ನಾನೇ. ಆ ಬೆಲ್ಲದ ರುಚಿ ಆರುವ ಮೊದಲೇ ಆ ಮನೆಯವರು ಬಂದರು.

ಬೆಳ್ತಂಗಡಿಯಿಂದ ಚಾರ್ಮಾಡಿ ಕಡೆಗೆ ಹೋಗುವ ರಸ್ತೆಗೆ ಜಲ್ಲಿ ಹಾಕುವ ಕೆಲಸಕ್ಕೆ ಬಾಗಲಕೋಟೆ ಕಡೆಯಿಂದ ಜನ ಇಳಿದಿದ್ದರು. ನಮ್ಮವರು ಅವರನ್ನು ಕರೆಯುತ್ತಿದ್ದದ್ದು 'ಘಟ್ಟದವರು' ಎಂದು. ಆ ಮಾತಿನಲ್ಲಿ ಬರಿಯ ದಿಕ್ಕು ಇರಲಿಲ್ಲ, ಸ್ವಲ್ಪ ಮೂಗು ಮುರಿಯುವುದೂ ಇತ್ತು. ಬೇಸಗೆಯ ಕೊನೆಗೆ ಕಂಟ್ರಾಕ್ಟರ್ ಕೆಲಸ ನಿಲ್ಲಿಸಿ ಎತ್ತಲೋ ಹೋದ. ಕೂಲಿ ಸಿಗದ ಜನ ಊರಿಗೆ ಹೋಗಲಾರದೆ ನಮ್ಮ ಪೇಟೆಗೆ ಬಂದು ಹೊಳೆಯ ಬದಿಯ ಮರಳಿನಲ್ಲಿ ತಟ್ಟಿಯ ಗುಡಿಸಲು ಕಟ್ಟಿಕೊಂಡು ಕುಳಿತರು. ವಾರದೊಳಗೆ ಒಬ್ಬ ಸಾಹುಕಾರರ ಮನೆಯ ತಾಮ್ರದ ಹಂಡೆ ಕಾಣೆಯಾಯಿತು. ಯಾರು ಕದ್ದರೆಂದು ಯಾರೂ ಕೇಳಲಿಲ್ಲ. ಬೆಳಿಗ್ಗೆ ಪೊಲೀಸರ ಲಾರಿ ಬಂತು. ಗಂಡಸರನ್ನೂ ಹೆಂಗಸರನ್ನೂ ಹತ್ತಿಸಿದರು. ಮಕ್ಕಳನ್ನು ಕಟ್ಟಿಕೊಂಡು ಜೈಲಿಗೆ ಹೋಗುವುದು ಹೇಗೆ? ರಜೆಯಿಂದ ಖಾಲಿ ಇದ್ದ ನಮ್ಮ ಶಾಲೆಗೆ ಅವರನ್ನು ತಂದು ಬಿಟ್ಟರು.

ಲಾರಿಯ ಹತ್ತಿರ ನಾನಿದ್ದೆ. ಹೆಂಗಸರ ಕೈಯಿಂದ ಮಕ್ಕಳನ್ನು ಬಿಡಿಸಲು ಪೊಲೀಸರಿಗೆ ಒಬ್ಬ ಹೆಂಗಸು ಬೇಕಿತ್ತು. ಹೆಡ್ಮಾಸ್ಟರರು ನನ್ನನ್ನು ಕಳಿಸಿದ್ದರು. ಬೇರೆ ತಾಯಂದಿರು ಮಕ್ಕಳನ್ನು ಅಪ್ಪಿಕೊಂಡು ಕಿರುಚುತ್ತಿದ್ದರು. ನಿನ್ನ ಅವ್ವ ಕಿರುಚಲಿಲ್ಲ. ನನ್ನ ಮುಖವನ್ನು ನೋಡಿದಳು, ಏನೋ ತೂಗಿ ನೋಡುವವಳ ಹಾಗೆ. ಆಮೇಲೆ ನಿನ್ನ ಕೈಯನ್ನು ತಾನೇ ತಂದು ನನ್ನ ಕೈಯಲ್ಲಿಟ್ಟಳು.

"ನೋಡ್ಕೋರಿ ಅಕ್ಕೋರ," ಎಂದಳು. "ಇದಕ್ಕ ನಾ ಒಬ್ಬಾಕಿನ ಅದೀನಿ."

ಅವಳಿಗೆ ನಂಬಿಕೆ ಬಂದದ್ದು ಬಹುಶಃ ನಾನು ಟೀಚರು ಎಂಬ ಕಾರಣಕ್ಕೆ. ನಾನು ತಲೆಯಾಡಿಸಿದೆ.

ಆ ದಿನಗಳಲ್ಲಿ ನಾನು ನಿನ್ನನ್ನು ಪ್ರೀತಿಸಿದೆ ಎಂದರೆ ನೀನು ನಂಬಲಿಕ್ಕಿಲ್ಲ. ಆದರೂ ಅದು ಸುಳ್ಳಲ್ಲ. ಉಳಿದ ಮಕ್ಕಳು ಶಾಲೆಯ ಬಾಗಿಲಿಗೆ ಬೀಗ ಬಿದ್ದದ್ದು ಕಂಡು ಮೂಲೆ ಹಿಡಿದು ಅಳುತ್ತಿದ್ದರು. ನೀನು ಬೋರ್ಡಿನ ಹತ್ತಿರ ನಿಂತು ಸೀಮೆಸುಣ್ಣ ಕೇಳಿದೆ. 'ಅ' ಬರೆದು ತೋರಿಸಿದರೆ ಅದರ ಬಾಲ ಹಿಡಿದು 'ಆ' ಮಾಡಿದೆ. ಇಂಥ ಹುಡುಗಿ ಜಲ್ಲಿ ಒಡೆಯುವುದಾ ಎಂದು ನನಗೆ ಹೊಟ್ಟೆ ಉರಿಯಿತು. ಸಂಜೆಯಾದರೆ ಮಾತ್ರ ನೀನು ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದೆ. "ನಮ್ಮವ್ವ ನಾಳೆ ಬರ್ತಾಳ್ರೀ," ಎನ್ನುತ್ತಿದ್ದೆ — ನನಗೆ ಸಮಾಧಾನ ಹೇಳುವವಳ ಹಾಗೆ.

ಇನ್ನೊಂದನ್ನೂ ಬರೆಯಬೇಕು. ನನಗೆ ಸಾಕಾಗಿತ್ತು. ರಜೆಗೆ ಪುತ್ತಿಗೆಯ ನನ್ನ ಮನೆಗೆ ಹೋಗಲು ಟ್ರಂಕು ಕಟ್ಟಿ ಇಟ್ಟಿದ್ದೆ. ಅದನ್ನು ಬಿಚ್ಚಿ ಬಟ್ಟೆ ತೆಗೆಯಬೇಕಾಗಿ ಬಂದಿತ್ತು. ಮಕ್ಕಳ ತಲೆಯ ಹೇನು ನನ್ನ ತಲೆಗೂ ಹತ್ತಿತ್ತು. ಗಂಜಿ ಬೇಯಿಸುವುದು, ಭೇದಿಯಾದವರನ್ನು ತೊಳೆಯುವುದು — ಟೀಚರ್ ಟ್ರೈನಿಂಗಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಪ್ರೀತಿ ಇತ್ತು, ಕಿರಿಕಿರಿಯೂ ಇತ್ತು. ಯಾವುದು ಹೆಚ್ಚಿತ್ತೆಂದು ಕೇಳಿಕೊಂಡಾಗಲೆಲ್ಲ ಮನಸ್ಸು ಪ್ರೀತಿ ಎನ್ನುತ್ತದೆ. ಮನಸ್ಸಿನ ಮಾತನ್ನು ನಾನು ಈಗ ಅಷ್ಟು ನಂಬುವುದಿಲ್ಲ.

ಹಾಗಿರುವಾಗ ಮೂಡುಬಿದಿರೆಯ ಕಡೆಯ ಒಂದು ಆಶ್ರಮದಿಂದ ಕಾರು ಬಂತು. ಹೆಣ್ಣುಮಕ್ಕಳ ಅನಾಥಾಶ್ರಮ. ಅದನ್ನು ನಡೆಸುತ್ತಿದ್ದ ದೊಡ್ಡಮ್ಮ ನಿನಗೆ ಗೊತ್ತಲ್ಲ — ಬಿಳಿ ಸೀರೆ, ಬೆಳ್ಳಿ ಕೂದಲು, ಯಾರಿಗೂ ಗಟ್ಟಿ ಮಾತಾಡದ ಹೆಂಗಸು. ತಾಯಿ ಇಲ್ಲದ ಹೆಣ್ಣುಮಕ್ಕಳಿದ್ದರೆ ಕೊಡಿ, ಸಾಕುತ್ತೇವೆ ಎಂದು ಠಾಣೆಗೆ ಹೇಳಿ ಬಂದಿದ್ದರು. ತಾಯಿ ಇದ್ದವರು ಶಾಲೆಯಲ್ಲೇ ಕಾಯುವುದು, ತಾಯಿ ಬಿಡುಗಡೆಯಾಗಿ ಬಂದಾಗ ಅವಳ ಜೊತೆ ಹೋಗುವುದು. ಇಲ್ಲದವರು ಕಾರಿಗೆ. ಆ ದಿನದ ಲೆಕ್ಕ ಇಷ್ಟೇ. ಒಂದು ಪ್ರಶ್ನೆ, ಅದಕ್ಕೊಂದು ಉತ್ತರ.

ಪ್ರಶ್ನೆ ಕೇಳಲು ಹೆಡ್ ಕಾನ್‌ಸ್ಟೇಬಲ್ ತ್ಯಾಂಪಣ್ಣ ಕುಳಿತರು. ಕೆಟ್ಟವರಲ್ಲ, ಮಕ್ಕಳಿಗೆಂದು ಜೇಬಿನಲ್ಲಿ ಶುಂಠಿ ಪೆಪ್ಪರ್ಮಿಂಟ್ ತಂದಿದ್ದರು. ಆದರೆ ಅವರ ಕನ್ನಡ ಠಾಣೆಯ ಕನ್ನಡ. ನಾಲ್ಕು ಮಾತಿಗೆ ಒಂದು ತುಳು ಜಾರಿ ಬೀಳುತ್ತಿತ್ತು, ಮನೆಯ ಮಾತಂತೂ ತುಳುವೇ. ಘಟ್ಟದ ಮೇಲಿನವರ ಮಾತು ಅವರ ಕಿವಿಗೆ ಅರ್ಧ ಹೊಗುತ್ತಿತ್ತು, ಅರ್ಧ ಹೊರಗೆ ನಿಲ್ಲುತ್ತಿತ್ತು. ಅದಕ್ಕೇ ಬದಿಯಲ್ಲಿ ನನ್ನನ್ನು ಕೂರಿಸಿಕೊಂಡದ್ದು.

ನಿನ್ನ ಸರದಿ ಕೊನೆಯದು. ಅಷ್ಟರವರೆಗೆ ಬಂದ ಹುಡುಗಿಯರಿಗೆಲ್ಲ ತಾಯಿ ಇದ್ದಳು. ದೊಡ್ಡಮ್ಮ ಕೈಯ ಗಡಿಯಾರ ನೋಡಿಕೊಂಡು, "ಬಂದದ್ದಕ್ಕೆ ಒಂದು ಮಗುವಿಗಾದರೂ ದಾರಿ ಆಗಿದ್ದರೆ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮಗೆ ಪುತ್ತಿಗೆ ಅಂತಲ್ಲ? ನಮ್ಮ ಕಾರಿನಲ್ಲೇ ಹೋಗುವ. ಮಗು ಇದ್ದರೆ ದಾರಿಯಲ್ಲಿ ನೋಡಿಕೊಳ್ಳಲಿಕ್ಕೂ ಒಬ್ಬರು ಬೇಕಲ್ಲ," ಎಂದರು.

ಮಗು ಇದ್ದರೆ.

ತ್ಯಾಂಪಣ್ಣ ನಿನ್ನನ್ನು ಹತ್ತಿರ ಕರೆದು ಕೇಳಿದರು: "ನಿನ್ನ ಅಪ್ಪೆ ಎಲ್ಲಿದ್ದಾರೆ ಮಗಾ?"

ನೀನು ಈಗ ನಮ್ಮೆಲ್ಲರಿಗಿಂತ ಚೆನ್ನಾಗಿ ತುಳು ಮಾತಾಡುತ್ತೀ, ನಿನಗೆ ವಿವರಿಸಬೇಕಾಗಿಲ್ಲ. ಆದರೆ ಅಂದು ನಿನಗೆ ಒಂದಕ್ಷರ ತುಳು ಬರುತ್ತಿರಲಿಲ್ಲ. ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ — ಕನ್ನಡಕ್ಕೆ ಪೂರಾ ತಿರುಗಾಮುರುಗಾ. ಅಪ್ಪೆ ಎಂದದ್ದು ನಿನ್ನ ಕಿವಿಗೆ ಅಪ್ಪ ಎಂದು ಬಿತ್ತು. 'ಇದ್ದಾರೆ' ಎಂಬ ಮರ್ಯಾದೆಯ ಮಾತಿನಲ್ಲಿ ಗಂಡೋ ಹೆಣ್ಣೋ ಎಂಬ ಗುರುತೂ ಇರಲಿಲ್ಲ.

"ಸತ್ತಾನ್ರೀ," ಎಂದೆ ನೀನು. "ಗುಡ್ಡ ಒಡಿಯೋ ಮುಂದ ಕಲ್ಲು ಬಿತ್ತು."

"ಅಯ್ಯೋ ಪಾಪ," ಎಂದರು ತ್ಯಾಂಪಣ್ಣ. "ಅಮ್ಮೆ?"

ನೀನು ಹುಬ್ಬು ಗಂಟಿಕ್ಕಿ ಯೋಚಿಸಿದೆ. "ಎಮ್ಮಿ ಇಲ್ರೀ ನಮಗ. ಒಂದು ಆಡು ಇತ್ತು."

ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತ ಪೊಲೀಸರು, ಕಾರಿನ ಡ್ರೈವರ್, ದೊಡ್ಡಮ್ಮ ಕೂಡ ಸೆರಗು ಬಾಯಿಗಿಟ್ಟು ನಕ್ಕರು. ನಾನೂ ನಕ್ಕೆ. ನಗು ಕಂಡು ನೀನೂ ನಕ್ಕೆ, ಹಲ್ಲು ಬಿದ್ದ ಜಾಗ ಕಾಣುವ ಹಾಗೆ.

ನಾನು ಮೂರನೆಯ ಕ್ಲಾಸಿಗೆ ವ್ಯಾಕರಣ ಹೇಳಿಕೊಡುವವಳು. ಬಂದನು, ಬಂದಳು. ಸತ್ತನು, ಸತ್ತಳು. ನೀನು ಸತ್ತಾನ ಎಂದೆ, ಸತ್ತಾಳ ಎನ್ನಲಿಲ್ಲ. ನಗುವಿನ ನಡುವೆಯೂ ಆ ಒಂದು ಅಕ್ಷರ ನನ್ನ ಕಿವಿಗೆ ಸ್ಪಷ್ಟವಾಗಿ ಬಿದ್ದಿತ್ತು. ಬೀಳದಿದ್ದರೂ ಏನು? ಅವಳನ್ನು ನಾನು ಕಣ್ಣಾರೆ ಕಂಡಿದ್ದೆ. ಅವಳು ಕೊಟ್ಟ ಕೈಯನ್ನು ನಾನು ಹಿಡಿದಿದ್ದೆ. ವ್ಯಾಕರಣದ ಹಿಂದೆ ಅಡಗಲು ನನಗೆ ಜಾಗವೇ ಇಲ್ಲ.

ತ್ಯಾಂಪಣ್ಣ ನನ್ನ ಕಡೆ ನೋಡಿದರು. "ತಾಯಿ ತೀರಿದ್ದಾಳೆ ಅಂತ ಹೇಳಿದ್ದಲ್ಲವಾ ಟೀಚರೇ? ನನಗೆ ಇವರ ಭಾಷೆ ಸರಿ ಆಗುವುದಿಲ್ಲ, ನೀವೇ ಹೇಳಿ."

ಅವರು ಕಾದರು. ಮನುಷ್ಯ ಪ್ರಾಮಾಣಿಕವಾಗಿಯೇ ಕೇಳಿದ್ದು, ಪ್ರಾಮಾಣಿಕವಾಗಿಯೇ ಕಾದದ್ದು. ಹೊರಗೆ ಡ್ರೈವರ್ ಕಾರಿನ ಬಾಗಿಲು ತೆಗೆದ ಸದ್ದು ಕೇಳಿತು. ಇಲ್ಲ, ಇವಳು ಹೇಳಿದ್ದು ತಂದೆಯ ವಿಷಯ — ಅಷ್ಟೇ ಮಾತು. ನಾಲಿಗೆಯ ತುದಿಯಲ್ಲಿತ್ತು. ಇವಳು ಓದುತ್ತಾಳೆ, ಎರಡು ಹೊತ್ತು ಉಣ್ಣುತ್ತಾಳೆ, ಆ ಹೆಂಗಸಿನ ಹಿಂದೆ ಹೋದರೆ ಏನುಂಟು ಇವಳಿಗೆ, ಕಲ್ಲು ಮತ್ತು — ಹೀಗೆ ಯೋಚಿಸಿದೆ. ನಿನ್ನ ಹಣೆಬರಹವನ್ನು ತಿದ್ದುವ ಅಧಿಕಾರ ಯಾರೋ ನನಗೆ ಕೊಟ್ಟಿದ್ದಾರೆ ಎಂಬಂತೆ. ಜೊತೆಗೆ ಇದೂ ಮನಸ್ಸಿನಲ್ಲಿತ್ತು: ಸಂಜೆಗೆ ನಾನು ಮನೆಯಲ್ಲಿರುತ್ತೇನೆ, ಕಾರಿನಲ್ಲಿ ಇಳಿಯುತ್ತೇನೆ.

"ಹೌದು," ಎಂದೆ. "ಹಾಗೇ ಹೇಳಿದ್ದು."

ಕಾರಿನ ಹತ್ತಿರ ನೀನು ಹಠ ಮಾಡಿದೆ. ಅವ್ವ ಬಂದರೆ ನಾನು ಎಲ್ಲಿ ಎಂದು ಹುಡುಕುತ್ತಾಳೆ ಎಂದೆ. ಯಾರಿಗೂ ನಿನ್ನ ಮಾತು ತಿಳಿಯಲಿಲ್ಲ, ನನಗೆ ತಿಳಿಯಿತು. ನಾನು ಬಗ್ಗಿ ನಿನ್ನ ಕಿವಿಯಲ್ಲಿ ಹೇಳಿದೆ, "ಅವ್ವ ಅಲ್ಲಿಗೇ ಬರ್ತಾಳೆ." ತಕ್ಷಣ ನೀನು ಹತ್ತಿದೆ. ದಾರಿಯುದ್ದಕ್ಕೂ ನನ್ನ ಮಡಿಲಲ್ಲಿ ನಿದ್ದೆ ಮಾಡಿದೆ. ಪುತ್ತಿಗೆಯಲ್ಲಿ ನಾನು ಇಳಿಯುವಾಗ ನಿನ್ನ ತಲೆಯನ್ನು ಮೆಲ್ಲನೆ ಸೀಟಿನ ಮೇಲಿಟ್ಟು ಇಳಿದೆ, ಎಬ್ಬಿಸಲಿಲ್ಲ.

ಹಂಡೆ ಸಿಗಲಿಲ್ಲ, ಕೇಸೂ ನಿಲ್ಲಲಿಲ್ಲ. ಹೆಂಗಸರನ್ನು ಬಿಟ್ಟರು. ಅವರೆಲ್ಲ ಬಂದು ತಮ್ಮ ತಮ್ಮ ಮಕ್ಕಳನ್ನು ಕರೆದುಕೊಂಡು ಹೋದರು. ಜೂನ್‌ನಲ್ಲಿ ಶಾಲೆ ತೆರೆದ ದಿನ ನಾನು ಕೊಡೆ ಮಡಚಿ ಜಗಲಿ ಹತ್ತಿದರೆ, ಅಲ್ಲಿ ನಿನ್ನ ಅವ್ವ ಕುಳಿತಿದ್ದಳು.

ನನ್ನನ್ನು ಕಂಡು ಅವಳ ಮುಖ ಅರಳಿತು. ಅದನ್ನು ಬರೆಯುವುದು ಕಷ್ಟ. ನನಗಾಗಿ ಕಾದಿದ್ದಳು, ಅವಳಿಗೆ ಬೇರೆ ಯಾರೂ ಸಾಕ್ಷಿ ಇರಲಿಲ್ಲ. ಠಾಣೆಗೆ ಹೋಗಿ ಕೇಳಿದ್ದಳಂತೆ. ಆ ಹುಡುಗಿಯ ತಾಯಿ ಸತ್ತಿದ್ದಾಳೆ, ಹುಡುಗಿಯೇ ಹೇಳಿದ್ದಾಳೆ, ನೀನು ಯಾರು? ಮಗು ಕದಿಯಲು ಬಂದವಳಾ? — ಎಂದು ಗದರಿಸಿ ಕಳಿಸಿದ್ದರಂತೆ.

"ನಾ ಸತ್ತೇನಂತ್ರೀ ಅಕ್ಕೋರ," ಎಂದಳು. ನಗಲು ನೋಡಿದಳು, ಆಗಲಿಲ್ಲ. "ಇಲ್ಲೇ ನಿಂತೀನಲ್ರೀ. ನಿಮ್ಮ ಕೈಯಾಗ ಕೊಟ್ಟೇನಲ್ರೀ. ಒಂದು ಮಾತು ಹೇಳ್ರಿ ಅವರಿಗೆ. ನಮ್ಮ ದ್ಯಾಮಿ ಎಲ್ಲಿ ಅದಾಳ್ರೀ?"

ಮೂಡುಬಿದಿರೆ ಎಂಬ ಒಂದು ಹೆಸರು ಹೇಳಿದ್ದರೆ ಸಾಕಿತ್ತು. ಬಸ್ಸು ಹತ್ತಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ನಿನ್ನ ಮುಂದೆ ಇರುತ್ತಿದ್ದಳು. ಆದರೆ ಹೇಳಿದರೆ ನಾನು ಸುಳ್ಳು ಹೇಳಿದ್ದು ಠಾಣೆಗೆ ಗೊತ್ತಾಗುತ್ತದೆ, ಹೆಡ್ಮಾಸ್ಟರರಿಗೆ, ಇಲಾಖೆಗೆ — ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಈ ಸಲ ನಿನ್ನ ಒಳ್ಳೆಯದು ನನಗೆ ನೆನಪೂ ಆಗಲಿಲ್ಲ. ಬರಿಯ ಹೆದರಿಕೆ.

"ನನಗೆ ಗೊತ್ತಿಲ್ಲ," ಎಂದೆ. "ಮಕ್ಕಳು ಬರುವ ಹೊತ್ತು. ಜಗಲಿಯಿಂದ ಏಳು."

ಅವಳು ಎದ್ದಳು. ಬಯ್ಯಲಿಲ್ಲ, ಶಾಪ ಹಾಕಲಿಲ್ಲ. ಶಾಪ ಹಾಕಿದ್ದರೆ ನನಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು, ಸಿಟ್ಟಿನಲ್ಲಿ ನಾನು ಬದುಕಿಕೊಳ್ಳುತ್ತಿದ್ದೆ. ಆಮೇಲೂ ಕೆಲವು ದಿನ ಶಾಲೆಯ ಎದುರಿನ ಮಾವಿನ ಮರದ ಕೆಳಗೆ ಮಳೆಯಲ್ಲಿ ನಿಂತಿದ್ದಳು. ನಾನು ಹಿಂದಿನ ಬಾಗಿಲಿನಿಂದ ಹೋಗಿ ಬಂದು ಮಾಡಿದೆ. ಒಂದು ದಿನ ಅಲ್ಲಿ ಯಾರೂ ಇರಲಿಲ್ಲ.

ನನಗೆ ಪುತ್ತಿಗೆಯ ಕಡೆಗೆ ವರ್ಗವಾದ ಮೇಲೆ, ಶನಿವಾರಗಳಲ್ಲಿ ಆಶ್ರಮಕ್ಕೆ ಪಾಠ ಹೇಳಲು ಬರುತ್ತಿದ್ದೆನಲ್ಲ — ಟೀಚರಿಗೆ ಎಷ್ಟು ದೊಡ್ಡ ಮನಸ್ಸು ಎಂದು ನೀವೆಲ್ಲ ಅಂದುಕೊಂಡಿರಿ. ನಿನ್ನನ್ನು ನೋಡಲು ಬರುತ್ತಿದ್ದೆ. ನೀನು ಸುಖವಾಗಿದ್ದೀ ಎಂದು ಕಂಡರೆ ನನ್ನ ಸುಳ್ಳು ಸಣ್ಣದಾಗುತ್ತದೆ ಎಂದು. ಮೊದಲ ಸಲ ಬಂದಾಗ ದೊಡ್ಡಮ್ಮ ಸಂತೋಷದಿಂದ ಹೇಳಿದರು: "ಸುರುವಿಗೆ ಬಾರೀ ಕಷ್ಟ ಆಯಿತು ಮಾರಾಯ್ತಿ. ಅವ್ವ ಬರ್ತಾಳೆ ಅಂತ ಗೇಟು ಬಿಟ್ಟು ಬರ್ತಿರಲಿಲ್ಲ. ಪಾಪ, ಸತ್ತದ್ದೇ ಅದಕ್ಕೆ ಗೊತ್ತಿಲ್ಲ. ನಾವು ಹೇಳಿ ಹೇಳಿ ಸರಿ ಮಾಡಿದೆವು. ಈಗ ಕೇಳುವುದೇ ಇಲ್ಲ."

ಆ ಒಳ್ಳೆಯ ಹೆಂಗಸಿನ ಕೈಯಿಂದ ನಾನು ಮಾಡಿಸಿದ ಕೆಲಸ ಅದು. ನಿನ್ನ ಅವ್ವ ಬದುಕಿದ್ದಾಳೆಂಬ ನೆನಪನ್ನೇ ಅವರು ಪ್ರೀತಿಯಿಂದ ಅಳಿಸಿದರು.

ನೀನು ದೊಡ್ಡವಳಾದ ಮೇಲೆ ಒಂದು ಶನಿವಾರ ಪಾಠ ಮುಗಿದ ಮೇಲೂ ಕುಳಿತೇ ಇದ್ದೆ. "ಟೀಚರೇ, ನನ್ನ ಅವ್ವ ಹೇಗೆ ಸತ್ತದ್ದು? ನಿಮಗೇನಾದರೂ ಗೊತ್ತುಂಟಾ?" ಎಂದು ಕೇಳಿದೆ. ಆಗಲೇ ಹೇಳಬಹುದಿತ್ತು. ಕೋಣೆಯಲ್ಲಿ ನಾವಿಬ್ಬರೇ. ನಾನು ಹೇಳಿದೆ — ಕಲ್ಲು ಬಿದ್ದು ಅಂತ ಕೇಳಿದ ನೆನಪು ಎಂದು. ನಿನ್ನ ಅಪ್ಪನ ಸಾವನ್ನು ತೆಗೆದು ಅವ್ವನ ಮೇಲೆ ಹಾಕಿದೆ. ನೀನು ಕಣ್ಣೊರೆಸಿಕೊಂಡು, ಹೇಳಿದ್ದಕ್ಕೆ ಉಪಕಾರವಾಯಿತು ಎಂದೆ.

ಮದುವೆಯಾಗಿ ನೀನು ಶಿರ್ತಾಡಿಗೆ ಹೋದೆ. ಸಂಜೀವ ಒಳ್ಳೆಯ ಹುಡುಗ. ಬಸ್ಸಿನ ಕಂಡಕ್ಟರನಾದರೂ ಯಾರಿಗೂ ಗದರದವನು. ಹೋದ ವರ್ಷ ಮಳೆ ಜೋರಾಗಿದ್ದ ಆಟಿ ತಿಂಗಳಲ್ಲಿ, ತೀರಿಹೋದವರಿಗೆ ಬಡಿಸುವ ದಿನ, ಊಟಕ್ಕೆ ಬರಲೇಬೇಕೆಂದು ನೀನು ಕರೆಸಿದೆ. ಸಂಜೀವನ ಹಿರಿಯರಿಗೆ ಬಡಿಸಿದ ಎಲೆಗಳ ಕೊನೆಗೆ ನೀನು ಬೇರೆಯಾಗಿ ಎರಡು ಎಲೆ ಹಾಕಿದ್ದೆ. ರೊಟ್ಟಿ, ಕೋಳಿ ಸಾರು, ಒಂದೊಂದು ಲೋಟ ನೀರು. "ಅಪ್ಪನಿಗೆ ಒಂದು, ಅವ್ವನಿಗೆ ಒಂದು ಟೀಚರೇ," ಎಂದೆ. "ಅವ್ವನಿಗೆ ಏನು ಇಷ್ಟ ಅಂತ ನನಗೆ ಗೊತ್ತಿಲ್ಲ. ಎಲ್ಲ ಸ್ವಲ್ಪ ಸ್ವಲ್ಪ ಹಾಕಿದ್ದೇನೆ." ಆಮೇಲೆ ಬಾಗಿಲು ಓರೆ ಮಾಡಿ, ಅವರು ಉಣ್ಣಲಿ ಎಂದು ನಾವೆಲ್ಲ ಹೊರಗೆ ಸುಮ್ಮನೆ ಕುಳಿತೆವು.

ಆ ಎರಡು ಎಲೆಗಳಲ್ಲಿ ಒಂದು ಸರಿ. ಇನ್ನೊಂದನ್ನು ಹಾಕಿಸಿದ್ದು ನನ್ನ ಸುಳ್ಳು. ಆದರೂ ಉಂಡೆ, ಚೆನ್ನಾಗಿದೆ ಎಂದೂ ಹೇಳಿದೆ.

ಈ ಬೇಸಗೆಯಲ್ಲಿ ನಾನು ಬೆಳ್ತಂಗಡಿಗೆ ಹೋಗಿ, ಅಲ್ಲಿಂದ ಚಾರ್ಮಾಡಿಯ ಬುಡದಲ್ಲಿ ರಸ್ತೆ ಕೆಲಸ ಮಾಡುವವರ ಬಿಡಾರಗಳಲ್ಲಿ ಕೇಳಿದೆ. ಬಹಳ ಹುಡುಕಬೇಕಾಗಲಿಲ್ಲ. ಹನ್ನೆರಡು ವರ್ಷ ನಾನು ಹುಡುಕಿರಲಿಲ್ಲ, ಅಷ್ಟೇ. ಜಲ್ಲಿ ಒಡೆಯುತ್ತಿದ್ದ ಒಬ್ಬ ಮುದುಕಿ ಸುತ್ತಿಗೆ ಕೆಳಗಿಟ್ಟು ಹೇಳಿದಳು: "ದ್ಯಾಮಿ ಅವ್ವ ಏನ್ರೀ? ಮೊನ್ನಿ ಮೊನ್ನಿ ತನಕ ಇಲ್ಲೇ ಇದ್ಳು. ವರ್ಷಾ ವರ್ಷಾ ಘಟ್ಟ ಇಳೀತಾಳ್ರೀ ಅಕಿ. ಕೂಲಿಗೆ ಅಲ್ಲ, ಮಗಳನ್ನ ಕೇಳಾಕ. ಮಳಿ ಬಿಟ್ಟ ಮ್ಯಾಲ ಮತ್ತ ಬರ್ತಾಳ."

ನಿನ್ನನ್ನು ಕಳೆದುಕೊಂಡ ಮೇಲೂ ಜನ ಅವಳನ್ನು ಕರೆಯುವುದು ನಿನ್ನ ಹೆಸರಿನಿಂದ.

ಇದು ತಿಳಿದು ಎರಡು ತಿಂಗಳಾಯಿತು. ಎರಡು ತಿಂಗಳು ಸುಮ್ಮನಿದ್ದದ್ದಕ್ಕೂ ನನ್ನ ಹತ್ತಿರ ಕಾರಣ ಇಲ್ಲ. ನೀನು ಬಸುರಿ, ಈಗ ಹೇಳಿದರೆ ಏನಾದರೂ ಆದರೆ ಎಂದು ನನಗೆ ನಾನೇ ಹೇಳಿಕೊಂಡೆ. ನಿನ್ನ ಒಳ್ಳೆಯದಕ್ಕೆ ಎಂದು ಮತ್ತೆ ನಾನೇ ತೀರ್ಮಾನ ಮಾಡಲು ಹೊರಟಿದ್ದೆ, ನೋಡು.

ಆಟಿಯ ಬಡಿಸುವ ದಿನ ಬರುವ ಭಾನುವಾರ ಎಂದು ಸಂಜೀವ ಬಸ್ಸಿನಲ್ಲಿ ಸಿಕ್ಕಿ ಹೇಳಿದ, ಟೀಚರು ಬರಬೇಕಂತೆ ಎಂದ. ಬರುತ್ತೇನೆ, ಆದರೆ ನಾಳೆಯೇ ಬರುತ್ತೇನೆ. ಈ ಬರೆದದ್ದು ನನ್ನ ಕೈಯಲ್ಲಿರುತ್ತದೆ. ಬಾಯಿ ಮತ್ತೆ ಊರ ಸುದ್ದಿಗೆ ಜಾರದಿರಲಿ ಎಂದು ಬರೆದದ್ದು. ನೀನು ಎಂದಿನಂತೆ ಚೊಂಬಿನಲ್ಲಿ ನೀರು ಹಿಡಿದು ಒಳಗೆ ಬನ್ನಿ ಟೀಚರೇ ಎನ್ನುತ್ತೀ. ನಾನು ಮೆಟ್ಟಿಲು ಹತ್ತುವುದಿಲ್ಲ. ಅಂಗಳದಲ್ಲೇ ನಿಂತು ಓದುತ್ತೇನೆ, ಕೊನೆಯವರೆಗೆ ಓದುತ್ತೇನೆ. ಮಳೆ ಬಿಟ್ಟು ರಸ್ತೆ ಕೆಲಸ ಸುರುವಾಗುವ ದಿನ ನೀನು ಚಾರ್ಮಾಡಿಗೆ ಹೊರಡುವಾಗ ನಾನು ಜೊತೆಗೆ ಬರಬೇಕೋ, ಬಾರದೋ, ನಿನ್ನ ಅವ್ವನ ಮುಂದೆ ನಿಲ್ಲಬೇಕೋ — ಅದನ್ನು ನೀನು ಹೇಳು. ಭಾನುವಾರ ಒಂದೇ ಎಲೆ ಹಾಕು.